ಅಣ್ಣನ ಗುಳಿಗಿ ತಮ್ಮನಿಗೆ ಕೊಟ್ಟಿದ್ದು

ರಾಯಚೂರಿನ ಒಂದು ಮೆಡಿಕಲ್ ಶಾಪಿನಲ್ಲಿ 11 ವರ್ಷದಿಂದ ಫಾರ್ಮಾಸಿಸ್ಟ್ ಆಗಿದ್ದೇನೆ. ಕೈನಡುಕಕ್ಕೆ ಗುಳಿಗೆ ಕೇಳಿ ಯಾರೇ ಬಂದರೂ ನನಗೆ ಆ ಕಾಕಾ ನೆನಪಾಗುತ್ತಾರೆ.

ಹತ್ತಿ ಮಾರ್ಕೆಟ್ಟಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವರು. ಕೌಂಟರ್ ಮೇಲೆ ಇಟ್ಟ ಕೈ ಸುಮ್ಮನಿತ್ತು, ದುಡ್ಡು ಕೊಡಲು ಎತ್ತಿದರೆ ನೋಟು ಪಟಪಟ ಅನ್ನುತ್ತಿತ್ತು. ಕೆಲಸಕ್ಕೆ ಎತ್ತಿದಾಗ ಕೈ ನಡುಗುವ ಎಸೆನ್ಷಿಯಲ್ ಟ್ರೆಮರ್ ಅಂದರೆ ಇದೇ. ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಸುಮ್ಮನಿದ್ದಾಗಲೇ ಕೈ ನಡುಗುತ್ತದೆ. ಕಾಕಾರ ಅಣ್ಣನಿಗೂ ಎಸೆನ್ಷಿಯಲ್ ಟ್ರೆಮರ್ ಇತ್ತು. ಎಷ್ಟೋ ಮನೆತನಗಳಲ್ಲಿ ಇದು ವಂಶದಿಂದಲೇ ಬರುತ್ತದೆ.

ಕಾಕಾ ಖಾಲಿ ಸ್ಟ್ರಿಪ್ ತೋರಿಸಿದರು. “ತಮ್ಮಾ, ನಮ್ಮಣ್ಣಗ ಇದರಿಂದ ಭಾಳ ಆರಾಮ ಆಗ್ಯಾದ. ನನಗೂ ಹತ್ತು ಗುಳಿಗಿ ಕೊಡು.” ಅದು ನಡುಕ ತಗ್ಗಿಸುವ ಗುಳಿಗೆ, ಪ್ರೊಪ್ರನೊಲಾಲ್ 40 ಮಿ.ಗ್ರಾಂ. ಸಂಜೆ ಹೊತ್ತು, ಗಿರಾಕಿಗಳು ಮುಗಿಬಿದ್ದಿದ್ದರು. ಡಾಕ್ಟರ ಚೀಟಿ ಕೇಳದೆ ಕೊಟ್ಟುಬಿಟ್ಟೆ.

ಮೂರನೇ ದಿನ ಮಗ ಅವರನ್ನು ಬೈಕ್ ಮೇಲೆ ಕರೆತಂದ. ಎದೆ ಸುಂಯ್‌ಗುಟ್ಟುತ್ತಿತ್ತು, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಿದ್ದರು. ಅಂಗಿ ಜೇಬಿನಲ್ಲಿ ದಮ್ಮಿನ ನೀಲಿ ಪಂಪು, ಅಂದರೆ ಇನ್‌ಹೇಲರ್. ಎಷ್ಟೋ ವರ್ಷದ ದಮ್ಮು! ದಮ್ಮಿದ್ದವರಲ್ಲಿ ಪ್ರೊಪ್ರನೊಲಾಲ್ ಶ್ವಾಸನಾಳವನ್ನು ಬಿಗಿ ಮಾಡುತ್ತದೆ, ಪಂಪಿನಲ್ಲಿರುವ ಔಷಧಿ ಸಾಲ್ಬುಟಮಾಲ್‌ಗೆ ಕೆಲಸ ಮಾಡಗೊಡುವುದಿಲ್ಲ. ಓದಿದ್ದು ನನಗೆ ಗೊತ್ತಿತ್ತು, ಕೇಳಲಿಲ್ಲ ಅಷ್ಟೇ. ಆಟೋ ಹತ್ತಿಸಿ ನಾನೂ ಆಸ್ಪತ್ರೆಗೆ ಹೋದೆ. ಆ ರಾತ್ರಿ ಊಟ ಸೇರಲಿಲ್ಲ. ಎರಡು ದಿನದಲ್ಲಿ ಹುಷಾರಾದರು.

ಆಮೇಲೆ ನರರೋಗ ತಜ್ಞರ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವರು ಮೊದಲು ಕೇಳಿದ್ದು, ದಿನಕ್ಕೆ ಪಂಪು ಎಷ್ಟು ಸಲ ಎಂದು. ಸಾಲ್ಬುಟಮಾಲ್ ತಾನೇ ಕೈ ನಡುಗಿಸುತ್ತದೆ! ದಮ್ಮು ಹತೋಟಿಗೆ ಬರುವ ಬೇರೆ ಇನ್‌ಹೇಲರ್ ಬರೆದು, ನಡುಕಕ್ಕೆ ಅದೂ ಕಾರಣವಿರಬಹುದೆಂದು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ನಡುಕಕ್ಕೆ ಟೋಪಿರಮೇಟ್ ಕೊಡಬಹುದಿತ್ತು, ಆದರೆ ಕಾಕಾಗೆ ಹಿಂದೆ ಮೂತ್ರಪಿಂಡದ ಕಲ್ಲಾಗಿತ್ತು, ಆ ಗುಳಿಗೆ ಕಲ್ಲಿನ ಅಪಾಯ ಹೆಚ್ಚಿಸುತ್ತದೆ. ಬೆವರನ್ನೂ ಕಡಿಮೆ ಮಾಡಬಲ್ಲದು. ನಮ್ಮ ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ. ಕೊನೆಗೆ ನಡುಕಕ್ಕೆ ಬರೆದದ್ದು ಪ್ರಿಮಿಡೋನ್ ಎಂಬ ಬೇರೆ ಗುಳಿಗೆ, ರಾತ್ರಿ ಮಲಗುವಾಗ, ತೀರಾ ಸಣ್ಣ ಪ್ರಮಾಣದಿಂದ. ಮೊದಲ ಡೋಸಿಗೇ ತಲೆಸುತ್ತು, ವಾಂತಿ ಬರಬಹುದು. ಅದಕ್ಕೇ ರಾತ್ರಿ ಎದ್ದಾಗ ಅಪ್ಪನ ಕೈ ಹಿಡಿದುಕೋ ಎಂದು ಮಗನಿಗೆ ಎರಡೆರಡು ಸಲ ಹೇಳಿದೆ.

ಈಗ ಕಾಕಾ ತಿಂಗಳಿಗೊಮ್ಮೆ ಬರುತ್ತಾರೆ. ನಡುಕ ಪೂರ್ತಿ ಹೋಗಿಲ್ಲ. ಬಂದವರೇ ಚೀಟಿ, ಅದರ ಪಕ್ಕ ಪಂಪು ಇಟ್ಟು, ನಾನು ಎರಡನ್ನೂ ನೋಡುವವರೆಗೆ ಕಾಯುತ್ತಾರೆ.