ಹಾರ್ಮೋನ್ ಮಾತ್ರೆ ನುಂಗಿದರೆ ಕ್ಯಾನ್ಸರ್ ಬರುವುದಿಲ್ಲವೇ?

ಬೆಳಿಗ್ಗೆ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ನಡೆಯುವಾಗ ಜೊತೆಯಾಗುವ ಹೆಂಗಸರು ಮೊದಲು ಬಿಸಿಲಿನ ಮಾತಾಡುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾವರೇ, ಮುಟ್ಟು ನಿಂತ ಮೇಲೆ ನೀವು ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತೀರಂತೆ. ಕ್ಯಾನ್ಸರಿನ ಭಯವಿಲ್ಲವೇ?"

ಭಯ ನನಗೂ ಇತ್ತು. 48ನೇ ವಯಸ್ಸಿಗೆ ಮುಟ್ಟು ನಿಂತಿತು. ಕಲಬುರಗಿಯ ಬೇಸಿಗೆ ಉಂಡು ಬೆಳೆದವಳು ನಾನು. ಆದರೆ ಜನವರಿಯ ನಡುರಾತ್ರಿ ಎದೆಯಿಂದ ನೆತ್ತಿಗೇರುವ ಝಳ ಬೇರೆಯೇ. ಕುಪ್ಪಸ ತೊಯ್ದು ಎದ್ದು ಕುಳಿತರೆ ಮತ್ತೆ ನಿದ್ದೆಯಿಲ್ಲ, ಮರುದಿನ ಶಾಲೆಯಲ್ಲಿ ಮಕ್ಕಳ ಮೇಲೆ ಸಿಡುಕು. ಎಲ್ಲರಿಗೂ ಬರುವುದೇ ಎಂದು ಎರಡು ವರ್ಷ ಸಹಿಸಿದೆ. ಮಾತ್ರೆ ಶುರುವಾದ ತಿಂಗಳೊಳಗೆ ಬೆಳಗಿನವರೆಗೆ ಮಲಗಿದೆ.

ಆ ಭಯದ ಬೇರು 2002ರಲ್ಲಿ ಹೊರಬಂದ ಅಮೆರಿಕದ ಅಧ್ಯಯನದಲ್ಲಿದೆ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್ ಕೂಡಿದ ಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ 10,000 ಮಂದಿಗೆ ಸುಮಾರು 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡವು. ಅಪಾಯ ಸುಳ್ಳಲ್ಲ, ಅದರ ಅಳತೆ ಅಷ್ಟು. 60ರೊಳಗೆ, ಇಲ್ಲವೇ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಲಾಭವೇ ದೊಡ್ಡದು ಎನ್ನುವುದು ಈಗಿನ ತಜ್ಞರ ನಿಲುವು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅವರಿಗೆ ಹಾರ್ಮೋನ್ ಇಲ್ಲದ ಮಾತ್ರೆಗಳಿವೆ.

ನನ್ನನ್ನು ಹೆಚ್ಚು ಕಾಡುವವರು ನಮ್ಮ ತಾಂಡಾಗಳ ಹೆಣ್ಣುಮಕ್ಕಳು. ಮೂವತ್ತು ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವರು ಎಷ್ಟೋ ಮಂದಿ. ಅಂಡಾಶಯಗಳೂ ಹೋಗಿದ್ದರೆ ಋತುಬಂಧ ಅಂದೇ ಶುರು. ಮೂಳೆ ಬೇಗ ಸವೆಯುತ್ತದೆ. ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಇಂಥವರಿಗೆ ಹಾರ್ಮೋನ್ ಕೊಡಬೇಕೆನ್ನುತ್ತಾರೆ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ನಾನು ಕಂಡವರಲ್ಲಿ ಯಾರಿಗೂ ಇದನ್ನು ಹೇಳಿ ಮನೆಗೆ ಕಳಿಸಿರಲಿಲ್ಲ. ತಂಗೀ, ಆಪರೇಷನ್ನಿನ ಕಾಗದ ಹುಡುಕಿ ತೆಗೆ, ಅಂಡಾಶಯ ಉಳಿದಿದೆಯೇ ಎಂದು ಡಾಕ್ಟರನ್ನು ಕೇಳು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ನಡಿಗೆಯಿಂದ ನನ್ನ ಝಳ ಇಳಿಯಲಿಲ್ಲ. ಮೂಳೆಗಾಗಿ, ಮನಸ್ಸಿಗಾಗಿ ನಡೆಯುತ್ತೇನೆ. ಸಂಜೆಯ ಚಹಾ ಬಿಟ್ಟೆ. ಖಾರ ಕಡಿಮೆ ಮಾಡಿದೆ, ಅದು ಕಷ್ಟವಾಯಿತು. ರೊಟ್ಟಿಯ ಜೊತೆ ಮೊಸರು, ಎಳ್ಳಿನ ಹಿಂಡಿ ತಪ್ಪಿಸುವುದಿಲ್ಲ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ. ತೊಗರಿ ರಾಶಿ ಮುಗಿಯಲಿ ಎಂದು ಕಾಯಬೇಡಿ.