ಶಾವೊಲಿನ್‌ನ 36 ಕೋಣೆಗಳಿಗೆ ಕನ್ನಡ ಸಬ್‌ಟೈಟಲ್: ಆರನೇ ವಾರದವರೆಗಿನ ಕೆಲಸ

1978ರ ಹಾಂಗ್‌ಕಾಂಗ್ ಕುಂಗ್ ಫೂ ಚಿತ್ರ ‘ದ 36ತ್ ಚೇಂಬರ್ ಆಫ್ ಶಾವೊಲಿನ್’ಗೆ ಕನ್ನಡ ಸಬ್‌ಟೈಟಲ್ ಹೊಂದಿಸುವ ಕೆಲಸ ಇದು. ಶಾ ಬ್ರದರ್ಸ್ ನಿರ್ಮಾಣ, ಲಾವ್ ಕಾರ್-ಲ್ಯುಂಗ್ ನಿರ್ದೇಶನ, ಗಾರ್ಡನ್ ಲ್ಯೂ ನಾಯಕ. ಅವಧಿ ಸುಮಾರು 115 ನಿಮಿಷ. ಮೊದಲ ಕರಡು ಮುಗಿದಿದೆ, ತಿದ್ದುವ ಕೆಲಸ ನಡೆದಿದೆ.

ಮೊದಲ ವಾರ: ಧ್ವನಿಯ ಆಯ್ಕೆ

ಅಮೆರಿಕದಲ್ಲಿ ‘ಮಾಸ್ಟರ್ ಕಿಲ್ಲರ್’ ಹೆಸರಿನಲ್ಲಿ ತೆರೆಕಂಡ ಇಂಗ್ಲಿಷ್ ಡಬ್ಬಿಂಗ್ ಪಠ್ಯವನ್ನು ಕೈಬಿಟ್ಟು ಮ್ಯಾಂಡರಿನ್ ಧ್ವನಿಯನ್ನೇ ಮೂಲವಾಗಿ ಇಟ್ಟುಕೊಂಡಿದೆ. ಡಬ್ಬಿಂಗ್ ಮಾಡುವಾಗ ಮಾತನ್ನು ತುಟಿಯ ಚಲನೆಗೆ ಹೊಂದಿಸಬೇಕಾಗುತ್ತದೆ. ಹಾಗಾಗಿ ಸಾಲುಗಳು ಉದ್ದವಾಗುತ್ತವೆ, ಮೂಲದಲ್ಲಿ ಇಲ್ಲದ ಮಾತೂ ಸೇರಿಕೊಳ್ಳುತ್ತದೆ. ಅದನ್ನು ಅನುವಾದಿಸಿದರೆ ತಪ್ಪು ಎರಡು ಪಟ್ಟಾಗುತ್ತದೆ.

ಎರಡನೇ ವಾರ: ಸಮಯ ಜಾರಿದ್ದು

ಆರಂಭದಲ್ಲಿ ಸರಿ ಕೂತಿದ್ದ ಸಾಲುಗಳು ಕೊನೆಯ ಕಾಳಗದ ಹೊತ್ತಿಗೆ ನಿಮಿಷಗಟ್ಟಲೆ ಆಚೀಚೆ ಆಗಿದ್ದವು. ಇದನ್ನು ಪತ್ತೆ ಹಚ್ಚುವ ಸುಲಭ ದಾರಿ ಇದೆ. ಚಿತ್ರದ ಮೊದಲ ಮಾತನ್ನೂ ಕೊನೆಯ ಮಾತನ್ನೂ ಸಬ್‌ಟೈಟಲ್‌ನೊಂದಿಗೆ ಹೋಲಿಸಿ ನೋಡಿ. ಎರಡು ಕಡೆಯೂ ಒಂದೇ ಅಂತರವಿದ್ದರೆ ಇಡೀ ಕಡತವನ್ನು ಅಷ್ಟು ಸರಿಸಿದರೆ ಸಾಕು. ಅಂತರ ಬೆಳೆಯುತ್ತಾ ಹೋದರೆ ಫ್ರೇಮ್ ವೇಗ, ಅಂದರೆ ಸೆಕೆಂಡಿಗೆ ಓಡುವ ಫ್ರೇಮ್‌ಗಳ ಸಂಖ್ಯೆ, ಬೇರೆ ಎಂದು ಅರ್ಥ. 24 ಫ್ರೇಮಿನ ಚಿತ್ರವನ್ನು 25 ಫ್ರೇಮಿನ ಪಾಲ್ (ಯೂರೋಪ್, ಭಾರತ ಮುಂತಾದೆಡೆಯ ಟಿವಿ ಕ್ರಮ) ಡಿವಿಡಿಗೆ ಹಾಕಿದಾಗ 115 ನಿಮಿಷ 110 ನಿಮಿಷ 24 ಸೆಕೆಂಡಿಗೆ ಇಳಿಯುತ್ತದೆ. ಸಮಯಗಳನ್ನೆಲ್ಲ 0.96ರಿಂದ ಗುಣಿಸಿದರೆ ಆ ಡಿಸ್ಕ್‌ಗೆ ಕೂರುತ್ತದೆ, ಭಾಗಿಸಿದರೆ ಮರಳಿ 24ಕ್ಕೆ ಬರುತ್ತದೆ. 24 ಮತ್ತು ಅನೇಕ ವೀಡಿಯೊ ಪ್ರತಿಗಳಲ್ಲಿರುವ 23.976ರ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಸಣ್ಣದು, ಆದರೂ ಚಿತ್ರದ ಕೊನೆಗೆ ಸುಮಾರು 6.9 ಸೆಕೆಂಡ್ ಜಾರುತ್ತದೆ. ಹೊಡೆತಕ್ಕೆ ಹೊಡೆತ ಬೀಳುವ ಚಿತ್ರದಲ್ಲಿ ಅದು ತೀರಾ ಹೆಚ್ಚು.

ಮೂರನೇ ವಾರ: ಹೆಸರುಗಳು

ಅತಿ ಹೆಚ್ಚು ಹೊತ್ತು ಹಿಡಿದದ್ದು ಇದಕ್ಕೆ. ನಾಯಕ ಲ್ಯೂ ಯೂ-ತೆ ಸನ್ಯಾಸಿಯಾದ ಮೇಲೆ ಪಡೆಯುವ ಹೆಸರು ಮೂರು ಸದ್ಗುಣ ಎಂಬರ್ಥದ್ದು. ಚೀನಿ ಮಾತನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಕ್ರಮದ ‘ಡಿ’ ಅಕ್ಷರ ನೋಡಿ ‘ಸಾನ್ ದ’ ಎಂದು ಬರೆದರೆ ‘ದ’ ವಿಭಕ್ತಿ ಪ್ರತ್ಯಯದಂತೆ ಕಾಣುತ್ತದೆ, ‘ಸಾನ್ ದನ’ ಎಂದಾಗ ಕೊಟ್ಟಿಗೆ ನೆನಪಾಗುತ್ತದೆ. ಆ ‘ಡಿ’ಯ ಉಚ್ಚಾರಣೆ ನಿಜಕ್ಕೂ ನಮ್ಮ ‘ತ’ಕಾರಕ್ಕೇ ಹತ್ತಿರ, ಆದ್ದರಿಂದ ‘ಸಾನ್ ತೆ’ ಎಂದು ನಿಶ್ಚಯಿಸಿದೆವು. ಕೂಡಿಸಿ ಬರೆದರೆ ‘ಸಾನ್ತೆ’ ಎಂದಾಗಿ ಸಂತೆಯ ನೆನಪು ತರುತ್ತದೆ. ‘ಸಾನ್ ತೆಗೆ’ ಎಂದರೆ ಏನನ್ನೋ ತೆಗೆಯಲು ಹೇಳಿದಂತಾಗುತ್ತದೆ. ಹಾಗಾಗಿ ಚತುರ್ಥಿ ಬರುವಲ್ಲಿ ವಾಕ್ಯವನ್ನೇ ತಿರುಗಿಸಿ ಬರೆಯಲಾಗಿದೆ.

ಬುದ್ಧನ ಹೆಸರಾದ ‘ಅಮಿತೊಫೊ’ ಎಂಬ ಮಾತು ಭಿಕ್ಷುಗಳ ಬಾಯಲ್ಲಿ ಬಂದಾಗಲೆಲ್ಲ ‘ಅಮಿತಾಭ’ ಎಂದೇ ಹಾಕಿದೆ. ಸಂಸ್ಕೃತದಿಂದ ಚೀನಾಕ್ಕೆ ಹೋದ ಪದ ಕನ್ನಡದಲ್ಲಿ ಎಷ್ಟು ಸಹಜವಾಗಿ ಕೂರುತ್ತದೆ ಎಂದರೆ ವಿವರಣೆಯೇ ಬೇಡ. ‘ಷಿಫು’ಗೆ ‘ಗುರುಗಳೇ’. ‘ವಸ್ತಾದಿ’ ಎಂಬ ಸಲಹೆಯೂ ಇತ್ತು. ಆದರೆ ಕಲಿಸುವವರು ಭಿಕ್ಷುಗಳಾದ್ದರಿಂದ ಗರಡಿಮನೆಯ ಪದ ಒಗ್ಗಲಿಲ್ಲ. ‘ಪಟ್ಟು’, ‘ವರಸೆ’ ಮಾತ್ರ ಉಳಿದವು.

ನಾಲ್ಕನೇ ವಾರ: ಮಾತಿಲ್ಲದ ನಡುಭಾಗ

ಆಗ ಚೀನಾವನ್ನು ಆಳುತ್ತಿದ್ದ ಮಂಚುಗಳ ಸೇನಾಧಿಪತಿಯ ಕಡೆಯವರು ತನ್ನವರನ್ನು ಕೊಂದದ್ದಕ್ಕೆ ಸೇಡು ತೀರಿಸಲು ನಾಯಕ ಶಾವೊಲಿನ್ ಎಂಬ ಬೌದ್ಧ ಮಠ ಸೇರುತ್ತಾನೆ. ಸೇಡಿನ ಕಥೆಗಳು ನೂರಿವೆ, ಈ ಚಿತ್ರ ಉಳಿದಿರುವುದು ನಡುವಿನ ತರಬೇತಿಯಿಂದ. ಎಲ್ಲಕ್ಕಿಂತ ಮೇಲಿನ ತರಬೇತಿ ಕೋಣೆಯಿಂದಲೇ ಶುರು ಮಾಡುತ್ತೇನೆಂದು ಹೊರಟವನು ಅಲ್ಲಿಂದ ಹೊರಬಿದ್ದು, ಕೆಳಗಿನಿಂದ ಒಂದೊಂದಾಗಿ ಹತ್ತಬೇಕಾಗುತ್ತದೆ. ಊಟದ ಮನೆಗೆ ಹೋಗಲು ನೀರಿನ ಮೇಲೆ ತೇಲುವ ಕಟ್ಟಿಗೆಯ ಮೇಲೆ ಕಾಲಿಟ್ಟು ದಾಟಬೇಕು. ತೋಳಿಗೆ ಚೂರಿ ಕಟ್ಟಿಕೊಂಡು, ಕೈ ಚಾಚಿ ನೀರು ಹೊರಬೇಕು. ಕೈ ಇಳಿದರೆ ಚೂರಿ ಪಕ್ಕೆಗೆ ಚುಚ್ಚುತ್ತದೆ. ತೂಗುವ ಮರಳಿನ ಚೀಲಗಳನ್ನು ತಲೆಯಿಂದ ಗುದ್ದಬೇಕು. ಇಲ್ಲಿ ಮಾತು ತೀರ ಕಡಿಮೆ. ಮೊದಲ ಕರಡಿನಲ್ಲಿ ‘ಇದು ಮಣಿಕಟ್ಟಿನ ಬಲಕ್ಕೆ’ ಎಂಬಂಥ ವಿವರಣೆಗಳನ್ನು ಸೇರಿಸಿದ್ದೆವು, ಈಗ ಎಲ್ಲವನ್ನೂ ಅಳಿಸಿದೆ. ದೇಹ ಕಲಿಯುವುದನ್ನು ನೋಡುವವರ ಕಣ್ಣು ಕೆಳಗಿನ ಅಕ್ಷರಕ್ಕೆ ಇಳಿಯಬಾರದು.

ಇನ್ನೊಂದು ತೊಡಕು ಇಲ್ಲೇ ಸಿಕ್ಕಿತು. ನಿರ್ದೇಶಕ ಲಾವ್, ಹುಂಗ್ ಗಾರ್ ಎಂಬ ಕುಂಗ್ ಫೂ ಪರಂಪರೆಯಿಂದ ಬಂದವರು. ಅವರ ತಂದೆ ಲಾವ್ ಚಾಮ್, ಆ ಪರಂಪರೆಯ ಪ್ರಸಿದ್ಧ ಗುರು ವೊಂಗ್ ಫೇ-ಹುಂಗ್ ಅವರ ಶಿಷ್ಯ ಲಾಮ್ ಸಾಯ್-ವಿಂಗ್ ಬಳಿ ಕಲಿತವರು. ಹಾಗಾಗಿ ಕಾಲಿನ ನಿಲುವು ಕಾಣುವಂತೆ ತಲೆಯಿಂದ ಪಾದದವರೆಗೆ ಚಿತ್ರೀಕರಿಸುತ್ತಾರೆ. ಸಬ್‌ಟೈಟಲ್ ಬೀಳುವುದು ಸರಿಯಾಗಿ ಆ ಪಾದದ ಮೇಲೆ! ಚಿತ್ರದ ಅಗಲ ಎತ್ತರದ 2.35 ಪಟ್ಟು. 1920×1080 ಪರದೆಯಲ್ಲಿ ಚಿತ್ರದ ಎತ್ತರ ಸುಮಾರು 817 ಪಿಕ್ಸೆಲ್, ಕೆಳಗೆ 131 ಪಿಕ್ಸೆಲ್‌ನ ಕಪ್ಪು ಪಟ್ಟಿ ಉಳಿಯುತ್ತದೆ. 48 ಪಿಕ್ಸೆಲ್ ಅಕ್ಷರಕ್ಕೆ ಒತ್ತಕ್ಷರದ ಜಾಗ ಸೇರಿಸಿ ಸಾಲಿಗೆ 72 ಕೊಟ್ಟರೆ ಪಟ್ಟಿಯಲ್ಲಿ ಒಂದೇ ಸಾಲು ಹಿಡಿಸುತ್ತದೆ. ಆದ್ದರಿಂದ ಕಾಳಗ, ತರಬೇತಿ ಇರುವಲ್ಲೆಲ್ಲ ಒಂದೇ ಸಾಲು. ಪ್ರೊಜೆಕ್ಟರ್‌ನಲ್ಲಿ ಪಟ್ಟಿ ಕಾಣದಂತೆ ಹಿಗ್ಗಿಸಿ ನೋಡುವವರಿಗೆ ಇದು ಕಾಣಿಸದು. ಅವರಿಗೆ ಬೇರೆ ಕಡತ ಬೇಕು.

ಐದನೇ ವಾರ: ಲಿಪಿ

‘ಸ್ತ್ರೀ’ ಓದುವವರಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಹಾಗಾಗಿ ಓದುವ ವೇಗದ ಬಗ್ಗೆ ತಂತ್ರಾಂಶ ಕೊಡುವ ಎಚ್ಚರಿಕೆಯನ್ನು ಕನ್ನಡಕ್ಕೆ ನಂಬುವಂತಿಲ್ಲ. ಕಣ್ಣಿಗೆ ಕಾಣುವ ಅಕ್ಷರ ಎಣಿಸಿ ಸೆಕೆಂಡಿಗೆ 8, ಸಾಲಿಗೆ 22 ಎಂಬ ಮಿತಿ ಇಟ್ಟುಕೊಂಡಿದೆ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿ ಟೈಪಾದ ಭಾಗ ಪ್ಲೇಯರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಬಂತು. ಯೂನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8 ಎಂಬ ಸಂಕೇತ ಕ್ರಮದಲ್ಲಿ ಉಳಿಸಿದ ಮೇಲೆ ಸರಿಹೋಯಿತು. ಪರಿವರ್ತನೆಯ ನಂತರ ಅರ್ಕಾವತ್ತನ್ನು ಒಂದೊಂದಾಗಿ ನೋಡಲೇಬೇಕು.

ಕೆಲವು ಹಳೆಯ ಟಿವಿಗಳ ಪ್ಲೇಯರ್ ಒತ್ತಕ್ಷರಗಳನ್ನು ಬಿಡಿಸಿ ತೋರಿಸುತ್ತದೆ. ಅದಕ್ಕೆ ಬರೀ ಸಾಲುಗಳೂ ಅವುಗಳ ಸಮಯವೂ ಇರುವ ಎಸ್‌ಆರ್‌ಟಿ ಕಡತದಲ್ಲಿ ಪರಿಹಾರವಿಲ್ಲ, ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಬೇಕು.

ಆರನೇ ವಾರ: ಉಳಿದದ್ದು

ಜೋಡಿ ಕತ್ತಿ ಹಿಡಿದ ಹಿರಿಯ ಭಿಕ್ಷುವಿನೆದುರು ಸೋತು ಸೋತು, ಸಾನ್ ತೆ ಮೂರು ತುಂಡುಗಳನ್ನು ಸರಪಳಿಯಿಂದ ಜೋಡಿಸಿದ ಕೋಲು ಮಾಡಿಕೊಳ್ಳುತ್ತಾನೆ. ನೇರ ಕೋಲನ್ನು ಕತ್ತಿ ತಡೆದು ನಿಲ್ಲಿಸುತ್ತದೆ, ಇದರ ತುದಿ ತಡೆದ ಜಾಗದಿಂದ ಬಾಗಿ ಒಳಗೆ ಹೊಡೆಯುತ್ತದೆ. ಈ ಆಯುಧಕ್ಕೆ ‘ಮುತ್ತುಂಡು ಕೋಲು’ ಎಂದು ಸದ್ಯಕ್ಕೆ ಹಾಕಿದೆ. ‘ಮುತ್ತು’ ಎಂದು ಓದಿಕೊಳ್ಳುವ ಅಪಾಯ ಇರುವುದರಿಂದ ‘ಮೂರ್ತುಂಡಿನ ಕೋಲು’ ಕೂಡ ಪಟ್ಟಿಯಲ್ಲಿದೆ. ಕೊನೆಯ ಕಾಳಗದ ಸಮಯವನ್ನು 24 ಫ್ರೇಮ್ ವೇಗದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು, ಎರಡು ಸಬ್‌ಟೈಟಲ್ ನಡುವೆ ಕನಿಷ್ಠ 2 ಫ್ರೇಮ್, ಅಂದರೆ 83 ಮಿಲಿಸೆಕೆಂಡ್ ಖಾಲಿ ಬಿಡುವುದು ಬಾಕಿ.