ಹೊಳೆಯಾಚೆಯ ಸರಪಳಿ ಸದ್ದು

ಮೈಸೂರಿನವರಿಗೆ ಆನೆ ಹೊಸತಲ್ಲ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟಿತೆಂದರೆ ಮುಂದೆ ದಸರೆಯವರೆಗೂ ಅರಮನೆಯಿಂದ ಬನ್ನಿಮಂಟಪಕ್ಕೆ ದಿನಾ ತಾಲೀಮು. ಸ್ಕೂಟರ್ ಬದಿಗೆ ಹಾಕಿ ಆ ಸಾಲು ದಾಟುವವರೆಗೆ ನಿಂತು, ಆಫೀಸಿಗೆ ತಡವಾಗಿದ್ದಕ್ಕೆ ಆನೆಯನ್ನೇ ನೆಪ ಹೇಳಿಕೊಂಡು ಬಂದವನು ನಾನು. ಹಾಗಾಗಿ ದೀಪಾವಳಿ ರಜೆಗೆ ಕೊಡಗಿನ ದುಬಾರೆ ಆನೆ ಶಿಬಿರಕ್ಕೆ ಹೋಗೋಣ ಎಂದು ಮನೆಯಾಕೆ ಹೇಳಿದಾಗ, "ಮೊನ್ನೆ ತಾನೇ ಇಲ್ಲಿಂದ ಲಾರಿ ಹತ್ತಿ ಹೋದ ಆನೆಗಳನ್ನು ನೋಡಲು ನಾವು ಕಾರು ಹತ್ತಬೇಕಾ?" ಅಂದಿದ್ದೆ. "ಅಲ್ಲಿ ದ್ವೀಪದ ಥರ ಇದೆಯಂತೆ ರೀ, ಸಫಾರಿನೂ ಇದೆಯಂತೆ" ಅಂದಳು. ಮಗಳು ಆಗಲೇ ಬ್ಯಾಗಿಗೆ ಬೈನಾಕ್ಯುಲರ್ ತುಂಬಿದ್ದಳು.

ದ್ವೀಪದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಕಾವೇರಿಯ ನಿಜವಾದ ನಡುಗಡ್ಡೆ ಬೇಕೆಂದರೆ ಕುಶಾಲನಗರದ ಪಕ್ಕದ ನಿಸರ್ಗಧಾಮಕ್ಕೆ ಹೋಗಬೇಕು. 64 ಎಕರೆ, ತೂಗುಸೇತುವೆ, ಬಿದಿರು ಮೆಳೆ, ಜಿಂಕೆ ಎಲ್ಲ ಇದೆ. ಜೊತೆಗೆ ಸೇತುವೆಯ ನಡುವೆ ನಿಂತು ಸೆಲ್ಫಿ ತೆಗೆಯುವ ಅರ್ಧ ಕರ್ನಾಟಕವೂ ಇದೆ. ನನಗೆ ಒಗ್ಗಲಿಲ್ಲ. ದುಬಾರೆ ಭೂಗೋಳದ ಲೆಕ್ಕದಲ್ಲಿ ದ್ವೀಪವಲ್ಲ. ಮುಂದೆ ಹೊಳೆ, ಬೆನ್ನಿಗೆ ಕಾಡು. ಆದರೆ ಸಂಜೆ ದೋಣಿ ಕಟ್ಟಿಹಾಕಿದ ಮೇಲೆ ಈಚೆ ದಡದವರು ಈಚೆ, ಆಚೆ ದಡದವರು ಆಚೆ. ದ್ವೀಪ ಅನ್ನಲು ನನಗೆ ಅಷ್ಟು ಸಾಕು.

ಆ ದೋಣಿಯ ವಿಚಾರಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬುಕಿಂಗ್ ಮಾಡಿಕೊಟ್ಟ ಏಜೆಂಟ್ ಮಹಾಶಯ, "ಕಾರು ರೂಮಿನ ಬಾಗಿಲಿಗೇ ಹೋಗುತ್ತೆ ಸಾರ್, ನಿಧಾನಕ್ಕೆ ಬನ್ನಿ" ಅಂದಿದ್ದ. ನಾವೂ ನಂಬಿ ಪಿರಿಯಾಪಟ್ಟಣದಲ್ಲಿ ಕಾಫಿ, ಬೈಲಕುಪ್ಪೆಯಲ್ಲಿ ಗೋಲ್ಡನ್ ಟೆಂಪಲ್ ಎಂದು ನಿಧಾನಕ್ಕೇ ಹೋದೆವು. ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಿ ನಂಜರಾಯಪಟ್ಟಣ ದಾಟಿ ಹೊಳೆ ದಡ ಮುಟ್ಟಿದಾಗ ಸೂರ್ಯ ಮುಳುಗಿದ್ದ, ದೋಣಿಯವರು ಮನೆಗೆ ಹೋಗಿದ್ದರು. ನನ್ನ ಫೋನಿಗೆ ಸಿಗ್ನಲ್ ಇಲ್ಲ. ಭಾವಮೈದ ಚಕ್ರದ ಸೂಟ್‌ಕೇಸ್ ಹಿಡಿದು, ಹೊಳೆಯ ಬಂಡೆಗಳನ್ನೇ ನೋಡುತ್ತ ಒಂದು ಗಂಟೆ ನಿಂತ. ಟೀ ಅಂಗಡಿಯ ಹುಡುಗನೊಬ್ಬ ಯಾರಿಗೋ ಕೂಗಿ, ಅವರು ಇನ್ಯಾರಿಗೋ ಕೂಗಿ, ಕಡೆಗೂ ಆಚೆಯಿಂದ ಒಂದು ಟಾರ್ಚು, ಅದರ ಹಿಂದೆ ದೋಣಿ ಬಂತು. ಹೋಗುವವರು ಕೇಳಿಸಿಕೊಳ್ಳಿ: ಬೆಳಕಿರುವಾಗಲೇ ದಡ ಸೇರಿ, ಹೆಗಲಿಗೆ ಹಾಕುವ ಬ್ಯಾಗ್ ಒಯ್ಯಿರಿ, ಕೈಯಲ್ಲಿ ಚಿಲ್ಲರೆ ನೋಟು ಇರಲಿ. ಸೂಟ್‌ಕೇಸಿನ ಒಂದು ಚಕ್ರ ಇವತ್ತಿಗೂ ಕಾವೇರಿಯಲ್ಲೇ ಇದೆ.

ಊಟ ಮಾಡಿ ಮಲಗಿದಾಗ ಹತ್ತು ಗಂಟೆ. ಹೊಳೆಯ ಮೊರೆತಕ್ಕೆ ಕಿವಿ ಹೊಂದಿಕೊಳ್ಳುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಸದ್ದು. ಕಬ್ಬಿಣ ನೆಲದ ಮೇಲೆ ಹರಿದಾಡುವ ಸದ್ದು. ಜರ್ರ್ ಎಂದು ಒಂದು ಎಳೆತ, ಆಮೇಲೆ ಏನೂ ಇಲ್ಲ. ಬಿದಿರು ಲಟಕ್ಕೆಂದಿತು. ಮತ್ತೆ ಜರ್ರ್. ನನ್ನ ತಲೆಗೆ ಮೊದಲು ಬಂದದ್ದು ಕಳ್ಳರು, ಆಮೇಲೆ ಗೇಟು, ಆಮೇಲೆ ಬಾವಿಯ ರಾಟೆ. ಕಿಟಕಿಗೆ ಹೋಗಿ ನೋಡಿದರೆ ಕತ್ತಲು, ಕತ್ತಲಿಗಿಂತ ದಪ್ಪನೆಯ ಇನ್ನೊಂದು ಕತ್ತಲು. ಅದು ಉಸಿರು ಬಿಟ್ಟಿತು. ದೊಡ್ಡ ತಿದಿಯಿಂದ ಗಾಳಿ ಹೋದ ಹಾಗೆ.

ಮಗಳನ್ನು ಎಬ್ಬಿಸಲಾ ಬೇಡವಾ ಎಂದು ಯೋಚಿಸುತ್ತ ನಿಂತೇ ಇದ್ದೆ. ಜಂಬೂಸವಾರಿಯಲ್ಲಿ ಬಣ್ಣ ಬಳಿದುಕೊಂಡು, ಝೂಲ ಹೊದ್ದು, 21 ಕುಶಾಲತೋಪು ಸಿಡಿದರೂ ಅಲುಗದೆ ನಿಲ್ಲುವ ಆನೆಗಳನ್ನು ನಲವತ್ತು ವರ್ಷ ನೋಡಿದ್ದೇನೆ. ಅವು ಬಿದಿರು ಮುರಿಯುವ ಸದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಅದು ಅಲ್ಲೇ ಇಪ್ಪತ್ತು ನಿಮಿಷ ತಿಂದಿತು. ಹೋಗುವಾಗ ಸರಪಳಿ ಸದ್ದು ಕಾಡಿನ ಕಡೆಗೆ ಸಣ್ಣದಾಗುತ್ತ ಹೋಯಿತು. ನಾನು ಎಬ್ಬಿಸಲಿಲ್ಲ. ಬೆಳಿಗ್ಗೆ ಹೇಳಿದಾಗ ಮಗಳು ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಬೆಳಗಿನ ಮಂಜಿನಲ್ಲಿ ಕಾವಾಡಿಗಳು, ಅಂದರೆ ಮಾವುತರ ಸಹಾಯಕರು, ಕಾಡಿಗೆ ಹೋಗಿ ಒಂದೊಂದೇ ಆನೆಯನ್ನು ಕರೆತಂದರು. ಹೊಳೆಯಲ್ಲಿ ಮೈ ತಿಕ್ಕಿಸಿಕೊಳ್ಳುವ ಆನೆಗಳ ಫೋಟೋ ಎಲ್ಲರೂ ಹಾಕಿದ್ದಾರೆ, ಅದನ್ನು ಬಿಡುತ್ತೇನೆ. ಮೇವು ಕೊಡುವ ಜಾಗದಲ್ಲಿ ಹಿರಿಯ ಮಾವುತರೊಬ್ಬರು ರಾಗಿ ಮುದ್ದೆಗೆ ಬೆಲ್ಲ ಸೇರಿಸಿ ಉಂಡೆ ಮಾಡುತ್ತ ಕೂತಿದ್ದರು. ಜೇನುಕುರುಬರು, ಹುಟ್ಟಿದ್ದೂ ಅಲ್ಲೇ ಹಾಡಿಯಲ್ಲಿ. ನಾನು ರಾತ್ರಿಯ ಕಥೆ ಹೇಳಿದೆ.

"ಒಂದೇ ಸಮ ಎಳೀತಿತ್ತಾ, ನಿಂತು ನಿಂತು ಎಳೀತಿತ್ತಾ ಸಾರ್?" ಅಂತ ಕೇಳಿದರು.

"ನಿಂತು ನಿಂತು ಅಣ್ಣ."

"ಹಂಗಾದ್ರೆ ಆ ಹೆಣ್ಣಾನೆ. ಅವಳಿಗೆ ಯಾವುದಕ್ಕೂ ಅವಸರ ಇಲ್ಲ." ಅಲ್ಲೇ ಹುಲ್ಲು ಜಾಡಿಸುತ್ತ ನಿಂತಿದ್ದವಳತ್ತ ಗಲ್ಲ ತೋರಿಸಿದರು.

ರಾತ್ರಿ ಯಾಕೆ ಕಟ್ಟಿಹಾಕುವುದಿಲ್ಲ ಅಂದೆ. "ಕಟ್ಟಾಕಿದ್ರೆ ಹೊಟ್ಟೆಗೆ ಏನ್ ಮಾಡ್ತವೆ? ನಾವು ಕೊಡೋ ಮುದ್ದೆ ಅವಕ್ಕೆ ಒಗ್ಗರಣೆ ಇದ್ದಂಗೆ. ಊಟ ಕಾಡಲ್ಲೇ." ಬೆಳೆದ ಆನೆಗೆ ದಿನಕ್ಕೆ ನೂರೈವತ್ತು ಕೆಜಿ ಮೇವಾದರೂ ಬೇಕು ಎಂದು ಎಲ್ಲೋ ಓದಿದ್ದು ಆಗ ನನಗೆ ಅರ್ಥವಾಯಿತು. ಹಾಗಾದರೆ ಕಾಲಿಗೆ ಆ ಸರಪಳಿ ಯಾಕೆ? "ಅದು ನಮಗೆ ಕಾಗದ ಬರೆದಿಟ್ಟಂಗೆ. ಎಲ್ಲಿ ನಿಂತಿದ್ದಾನೆ, ಎಲ್ಲಿ ಮೆಳೆ ಮುರಿದಿದ್ದಾನೆ, ಎಲ್ಲಿ ಮಲಗಿದ್ದಾನೆ, ಎಲ್ಲಾ ನೆಲದಲ್ಲಿರ್ತದೆ. ಓದ್ಕೊಂಡು ಹೋಗೋದು."

ಅಷ್ಟರಲ್ಲಿ ಪಕ್ಕದವರು "ಬೈಠ್" ಎಂದು ಒಂದು ಆನೆಯನ್ನು ಕೂರಿಸಿದರು. ಮಗಳು ಮೌನ ಮುರಿದು, "ಅಪ್ಪ, ಆನೆಗೆ ಹಿಂದಿ ಬರುತ್ತಾ?" ಅಂದಳು. ಮಾವುತರಿಗೆ ನಗು ತಡೆಯಲಿಲ್ಲ. "ಅದು ಕೆಲಸದ ಮಾತು ಪುಟ್ಟಿ. ಬೈಯೋದು, ಮುದ್ದು ಮಾಡೋದು ಎಲ್ಲಾ ನಮ್ಮ ಮಾತಲ್ಲೇ."

ನನಗೆ ಬಾಯಿ ಸುಮ್ಮನಿರಲಿಲ್ಲ. ಬಿಟ್ಟ ಮೇಲೆ ಹಂಗೇ ಹೊರಟುಹೋಗುವುದಿಲ್ಲವೇ ಎಂದೆ. ಅವರು ಉಂಡೆಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ, "ಕುಶನ ಕಥೆ ಗೊತ್ತಲ್ಲ" ಅಂದರು.

ಪೇಪರಿನಲ್ಲಿ ಓದಿದ್ದೆ. ಕುಶ ಇದೇ ಶಿಬಿರದ ಗಂಡಾನೆ. ಮದ ಬಂದಾಗ ಕಾಡು ಸೇರಿದವನು ವರ್ಷದ ಮೇಲಾದರೂ ವಾಪಸ್ ಬರಲಿಲ್ಲ, ಕಾಡಾನೆಗಳ ಹಿಂಡಿನಲ್ಲೇ ಉಳಿದ. 2021ರಲ್ಲಿ ಹಿಡಿದು ತಂದು ಕ್ರಾಲಿಗೆ, ಅಂದರೆ ದಪ್ಪ ದಿಮ್ಮಿಗಳ ದೊಡ್ಡಿಗೆ ಹಾಕಿದರು. ಬಿಟ್ಟುಬಿಡಿ ಎಂದು ಜನ ಗಲಾಟೆ ಮಾಡಿದರು. ಅದೇ ವರ್ಷ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ ಬಂಡೀಪುರದ ಕಾಡಿಗೆ ಬಿಟ್ಟರು. ಸ್ವಾತಂತ್ರ್ಯ, ಬಂಧನ ಎಂದು ನಾವು ಮೈಸೂರಿನಲ್ಲಿ ಕಾಫಿ ಕುಡಿಯುತ್ತ ಮಾತಾಡಿದ್ದೂ ನೆನಪಿದೆ.

"ನೀವು ಏನಂತೀರಿ ಅಣ್ಣ? ಬಿಟ್ಟಿದ್ದು ಸರಿನಾ?"

"ಅವನಿಗೆ ಜೊತೆ ಸಿಕ್ಕಿತ್ತು ಸಾರ್."

ಅಷ್ಟೇ ಹೇಳಿದರು. ನಾನು ಇನ್ನೂ ಏನೋ ಬರುತ್ತದೆಂದು ಕಾದೆ. ಅವರು ಉಂಡೆಯನ್ನು ಹೆಣ್ಣಾನೆಯ ಬಾಯಿಗೆ ತುರುಕಿ, ಅವಳ ನಾಲಿಗೆಯ ಮೇಲೆ ಒಮ್ಮೆ ಕೈ ಸವರಿ, ಕೈಯನ್ನು ಪಂಚೆಗೆ ಒರೆಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಶುರು ಮಾಡಿದರು. "ಕಾಡಿನ ಗಂಡಾನೆ ಇಲ್ಲಿಗೂ ಬರ್ತದೆ. ನಮ್ಮ ಹೆಣ್ಣಾನೆ ಹತ್ರ. ಮರಿಗಳಿಗೆ ಅಪ್ಪ ಯಾರು ಅಂದ್ರೆ ನಾವ್ ಕಾಡ್ ಕಡೆ ಕೈ ತೋರಿಸ್ಬೇಕು. ಬರೋದು ಹೋಗೋದು ಇದ್ದೇ ಇದೆ. ನೀವು ಗೇಟು ಅಂತೀರಿ, ಅವಕ್ಕೆ ಗೇಟೆಲ್ಲಿ?"

"ಹಂಗಾದ್ರೆ ಮಿಕ್ಕವು ಯಾಕೆ ವಾಪಸ್ ಬರ್ತವೆ?"

"ಬೆಲ್ಲ" ಅಂದರು. ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. "ಬರ್ತವೆ ಅಂತ ಯಾರಂದ್ರು? ನಾವ್ ಹೋಗಿ ಕರ್ಕೊಂಡ್ ಬರ್ತೀವಿ. ದಿನಾ. ಮಳೆ ಇರ್ಲಿ, ಇಂಬಳ ಇರ್ಲಿ. ನನ್ನ ಮಗ ಕಾವಾಡಿ, ಅವನ ಕಾಲು ನೋಡಿ ಬೇಕಾದ್ರೆ."

ದಸರೆಗೆ ಹೋದಾಗ ಹೇಗಿರುತ್ತದೆ ಎಂದು ಮನೆಯಾಕೆ ಕೇಳಿದಳು. ಅಲ್ಲಿ ಮೇವು ಜೋರು, ಹುಲ್ಲಿನಲ್ಲಿ ಭತ್ತ ಸುತ್ತಿದ ಕುಸುರೆ, ಬೇಯಿಸಿದ ಕಾಳು, ಬೆಣ್ಣೆ, ತೂಕ ಹಾಕಿದರೆ ಮುಳ್ಳು ಏರುತ್ತದಂತೆ. "ಆದ್ರೆ ರಾತ್ರಿ ಸುಮ್ನೆ ನಿಂತಿರ್ಬೇಕು. ಅಲ್ಲಿ ಬಿದಿರೆಲ್ಲಿ? ನಮ್ಗೂ ನಿದ್ದೆ ಬರಲ್ಲ, ಲೈಟು ಜಾಸ್ತಿ." ಅರಮನೆಯ ದೀಪಾಲಂಕಾರದ ಬಗ್ಗೆ ಇಂಥ ದೂರನ್ನು ನಾನು ಅದೇ ಮೊದಲು ಕೇಳಿದ್ದು. ಅದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋಗುವವರು ನಾವು.

ಸಫಾರಿಯನ್ನೂ ಮಾಡಿದೆವು. ಜೀಪಿನಲ್ಲಿ ಎರಡು ಗಂಟೆ, ಚುಕ್ಕೆ ಜಿಂಕೆ, ನವಿಲು, ಒಂದು ಕಾಟಿಯ ಹಿಂಭಾಗ. ಹಿಂದಿನ ಸೀಟಿನವರೊಬ್ಬರು "ಹುಲಿ ಗ್ಯಾರಂಟಿ ಅಂದಿದ್ದರು" ಎಂದು ದಾರಿಯುದ್ದಕ್ಕೂ ಗೊಣಗಿದರು. ಅವರ ಏಜೆಂಟೂ ನಮ್ಮವನೇ ಇರಬೇಕು. ಮಧ್ಯಾಹ್ನದ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯಕ್ಕೆ ಮಾತ್ರ ನಾನು ಇನ್ನೊಮ್ಮೆ ಹೊಳೆ ದಾಟಲು ಸಿದ್ಧ. ಭಾವಮೈದನಿಗೆ ಪಂದಿ ಕರಿ ಬೇಕಿತ್ತು. ಮರುದಿನ ಗುಡ್ಡೆಹೊಸೂರಿನ ಬಳಿ ಸಿಕ್ಕಿತು, ಕಾಚಂಪುಳಿಯ ಹುಳಿಗೆ ಕಣ್ಣು ಮುಚ್ಚಿ ತಿಂದ.

ಎರಡನೆಯ ರಾತ್ರಿ ಮಗಳು ಕಿಟಕಿಯ ಬಳಿ ಕುರ್ಚಿ ಹಾಕಿ, ಕಂಬಳಿ ಹೊದ್ದು ಕೂತಳು. ನಾನೂ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಹೊಳೆ, ಜೀರುಂಡೆ, ಯಾವುದೋ ಹಕ್ಕಿ. ಒಂದು ಸಲ ತುಂಬ ದೂರದಲ್ಲಿ ಸರಪಳಿ ಕೇಳಿದಂತಾಯಿತು. ಅವಳು ನನ್ನ ಕೈ ಹಿಡಿದಳು. ಅಷ್ಟೇ. ಕುರ್ಚಿಯಲ್ಲೇ ನಿದ್ದೆ ಹೋದಳು.

ಬೆಳಿಗ್ಗೆ ದೋಣಿಗೆ ಹೊರಟಾಗ ಮಾವುತರ ಮಗ ಕಾಡಿನಿಂದ ಒಬ್ಬನೇ ಬರುತ್ತಿದ್ದ. ಮೊಣಕಾಲಿನವರೆಗೆ ಕೆಸರು, ಹೆಗಲ ಮೇಲೆ ಖಾಲಿ ಚೀಲ. ಒಬ್ಬ ಸಿಕ್ಕಿಲ್ಲವಂತೆ. ಸರಪಳಿಯ ಗೆರೆ ಬಂಡೆ ಮೇಲೆ ಹತ್ತಿ ಅಲ್ಲಿಗೆ ನಿಂತುಹೋಗಿದೆಯಂತೆ.

"ಈಗೇನ್ ಮಾಡ್ತೀರಿ?" ಅಂದೆ.

"ಟೀ ಕುಡೀತೀನಿ ಸಾರ್. ಆಮೇಲೆ ಮತ್ತೆ ಹೋಗ್ತೀನಿ."

ದೋಣಿ ನಡುಹೊಳೆ ತಲುಪಿದಾಗ ಮಗಳು ಬೈನಾಕ್ಯುಲರ್ ತೆಗೆದು ಆಚೆ ದಡವನ್ನೇ ನೋಡುತ್ತಿದ್ದಳು. ಅವನು ಟೀ ಮುಗಿಸಿ, ಚೀಲಕ್ಕೆ ಬೆಲ್ಲ ಹಾಕಿಕೊಳ್ಳುತ್ತಿದ್ದಾನೆ ಎಂದು ನನಗೆ ಹೇಳಿದಳು.